ಯುರೇನಿಯಂ ಗಣಿ ಕಾರ್ಮಿಕರಿಗೆ ತಗುಲುವ ವಿಕಿರಣವನ್ನು ಅಳೆದು ದಾಖಲಿಸುವುದು ಹೇಗೆ?

ಜಾರ್ಖಂಡಿನ ಜಾದುಗುಡದಂಥ ನೆಲದಾಳದ ಗಣಿಯಲ್ಲಿ ವಿಕಿರಣ ಮುಖ್ಯವಾಗಿ ಎರಡು ದಾರಿಯಲ್ಲಿ ತಗುಲುತ್ತದೆ. ಅದಿರಿನಿಂದ ಹೊಮ್ಮುವ ಗಾಮಾ ಕಿರಣವನ್ನು ಎದೆಯ ಮೇಲೆ ಧರಿಸುವ, ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಿಡಿದಿಡುತ್ತದೆ. ಅದರೊಳಗಿನ ಬಿಲ್ಲೆಯನ್ನು ಕಾಯಿಸಿದಾಗ ಸೂಸುವ ಬೆಳಕಿನಿಂದ ಪ್ರಮಾಣ ತಿಳಿಯುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಉಸಿರಿನೊಡನೆ ಒಳಸೇರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಹಾಗೂ ಅದರಿಂದ ಹುಟ್ಟುವ ಕಣಗಳ ಬಗ್ಗೆ, ಏಕೆಂದರೆ ಶ್ವಾಸಕೋಶದ ಕ್ಯಾನ್ಸರಿಗೆ ಎಡೆಮಾಡುವುದು ಅವೇ, ಮತ್ತು ಗಾಳಿಯಾಡದ ಸುರಂಗದ ತುದಿಯಲ್ಲಿ ಅವುಗಳ ಸಾಂದ್ರತೆ ಬೇಗ ಏರುತ್ತದೆ. ಆದ್ದರಿಂದ ಗಾಳಿಯ ಮಾದರಿಯ ಜೊತೆಗೆ, ಯಾರು ಎಲ್ಲಿ ಎಷ್ಟು ಗಂಟೆ ಇದ್ದರೆಂಬುದನ್ನೂ ಬರೆದಿಡಲೇಬೇಕು. ಗಾಮಾ ಮತ್ತು ರೇಡಾನ್ ಎರಡರ ಪ್ರಮಾಣವನ್ನೂ ಕೂಡಿಸಿ ಪ್ರತಿ ಕಾರ್ಮಿಕರ ಹೆಸರಿನಲ್ಲಿ ದಾಖಲಿಸಲಾಗುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 5 ವರ್ಷಗಳಿಗೆ 100 ಮಿಲಿಸೀವರ್ಟ್ (ದೇಹಕ್ಕೆ ತಗುಲಿದ ವಿಕಿರಣವನ್ನು ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30. ಗುತ್ತಿಗೆ ಕಾರ್ಮಿಕರು ಗಣಿ ಬದಲಿಸಿದರೂ ಹಳೆಯ ಲೆಕ್ಕ ಅವರೊಡನೆಯೇ ಸಾಗಬೇಕು.