ಶಿವಮೊಗ್ಗದಲ್ಲೇ ಇದ್ದು ಆರೋಗ್ಯ ಸಂಶೋಧನೆ ಮಾಡೋಕಾಗುತ್ತಾ?

ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮುಗಿದಿದೆ, ಊರಲ್ಲಿ ತೋಟ ಇದೆ, ಅಪ್ಪ ಅಮ್ಮನನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಇಲ್ಲೇ ಇದ್ದು ಸಂಶೋಧನೆ ಮಾಡಬಹುದಾ, ಇಲ್ಲಾ ಬೆಂಗಳೂರಿಗೋ ವಿದೇಶಕ್ಕೋ ಹೋಗಲೇಬೇಕಾ ಅಂತ ಕೇಳಿದ್ದೀರಿ.

ಮಾಡಬಹುದು. ನಾನು ಸಾಗರದ ಕಡೆ ಮಂಗನ ಕಾಯಿಲೆ ಸಮೀಕ್ಷೆಗಳಲ್ಲಿ ಫೀಲ್ಡ್ ಕೆಲಸ ಮಾಡಿದವನು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಈ ಕಾಯಿಲೆ ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನರಿಗೆ ಜ್ವರ ಬಂತು. ಹಳದಿ ಜ್ವರ ಭಾರತಕ್ಕೂ ಬಂತಾ ಅನ್ನುವ ಭಯ ಆಗ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸದೇ ವೈರಸ್. ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದಿಂದ ಹರಡುತ್ತೆ. ಅದಕ್ಕೆ ನಮ್ಮ ಕಾಡಿನ ಹೆಸರೇ ಬಂತು. ಇವತ್ತಿಗೂ ಅದಕ್ಕೇ ಅಂತ ಮದ್ದಿಲ್ಲ. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇಲ್ಲಿ ಬೇಕಾದಷ್ಟಿವೆ.

ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ವೈರಸ್ ಬೆಳೆಸುವ ಕೆಲಸ ಸಾಮಾನ್ಯ ಕಾಲೇಜು ಲ್ಯಾಬ್‌ನಲ್ಲಿ ಆಗಲ್ಲ, ಆಗಬಾರದು. ಅದಕ್ಕೆ ಕಟ್ಟುನಿಟ್ಟಿನ ಸುರಕ್ಷತೆಯ ಲ್ಯಾಬ್ ಬೇಕು. ಅದೇ ನಿಮ್ಮ ಆಸೆಯಾದರೆ ಪುಣೆಗೆ ಹೋಗಿ. ರಕ್ತದ ಮಾದರಿ ಪರೀಕ್ಷೆಗೆ ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯ ಇದೆ.

ಇಲ್ಲಿ ನಿಜವಾಗಿ ಕಷ್ಟ ಯಾವುದು ಗೊತ್ತಾ? ಜ್ವರ ಯಾವತ್ತು ಶುರುವಾಯ್ತು ಅನ್ನುವ ಒಂದು ಪ್ರಶ್ನೆ. ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ಸೇ ಇರುತ್ತೆ, ಆಗ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ಸಿಗುತ್ತೆ. ಸುಮಾರು ಐದು ದಿನ ಕಳೆದ ಮೇಲೆ ವೈರಸ್ ವಿರುದ್ಧ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ನೋಡಬೇಕು. ದಿನ ತಪ್ಪಿದರೆ ತಪ್ಪು ಪರೀಕ್ಷೆ ಮಾಡಿ, ಕಾಯಿಲೆ ಇದ್ದವರಿಗೂ ಇಲ್ಲ ಅಂತ ಬರೆದುಬಿಡುತ್ತೇವೆ. ಫಾರಂನಲ್ಲಿ ತಾರೀಕಿಗೆ ಒಂದು ಚೌಕ ಇರುತ್ತೆ. ಕೂಲಿಗೆ ಹೋಗುವ ಹೆಂಗಸಿಗೆ ತಾರೀಕು ಎಲ್ಲಿ ನೆನಪಿರುತ್ತೆ? 'ಸಂತೆ ದಿನ ಸರಿ ಇದ್ದೆ' ಅನ್ನುತ್ತಾರೆ. 'ಕೊನೆಗೌಡ್ರು ಬಂದ ಮಾರನೇ ದಿನ ಅಡಿಕೆ ಸುಲಿಯೋಕೆ ಕೂತಿದ್ದೆ, ಆಗ ಸೊಂಟ ಹಿಡ್ಕಂತು' ಅನ್ನುತ್ತಾರೆ. ಸಂತೆ ಯಾವ ವಾರ, ಆ ತೋಟಕ್ಕೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಬಂದದ್ದು ಯಾವತ್ತು ಅಂತ ಗೊತ್ತಿದ್ದವನಿಗೆ ಅದರಲ್ಲೇ ತಾರೀಕು ಸಿಗುತ್ತೆ. ಹೊರಗಿನಿಂದ ಬಂದವರು ಆ ಚೌಕದಲ್ಲಿ ಅಂದಾಜು ಬರೆಯುತ್ತಾರೆ. ತೋಟದ ಮನೆಯಲ್ಲಿ ಹುಟ್ಟಿದ ನೀವು ಬರೆಯಲ್ಲ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಹಾಗೇ ಸಹಿಯ ವಿಷಯ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿ ಅಂದರೆ ಶರಾವತಿ ಹಿನ್ನೀರಿನ ಕಡೆ ಜನ ಹಿಂದೆ ಸರಿಯುತ್ತಾರೆ. ಲಿಂಗನಮಕ್ಕಿ ಅಣೆಕಟ್ಟೆಯ ನೀರಲ್ಲಿ ಊರು ಮುಳುಗಿ, ಎದ್ದು ಬಂದ ಕುಟುಂಬಗಳು ಅವು. ಇನ್ನೂ ಜಮೀನಿನ ಹಕ್ಕುಪತ್ರಕ್ಕೆ ಓಡಾಡುತ್ತಿರುವವರು ಎಷ್ಟೋ ಜನ. ಕಾಗದ ಕಂಡರೆ ಭಯ. ನಾವು ಒಯ್ದ ಪತ್ರವೋ, ಇಂಗ್ಲಿಷಿನಿಂದ ಇಳಿಸಿದ ಗ್ರಂಥ ಭಾಷೆ. ಓದಿ ಹೇಳಿದರೆ ನನಗೇ ಅರ್ಥ ಆಗುತ್ತಿರಲಿಲ್ಲ. ಒಬ್ಬರು ಅಜ್ಜಿ ಪೂರ್ತಿ ಕೇಳಿಸಿಕೊಂಡು ಅಂದರು: "ತಮ್ಮಾ, ಹ್ವಾದ ವರ್ಷನೂ ಒಂದು ಗುಂಪು ಬಂದು ರಕ್ತ ತಗಂಡು ಹೋತು. ಏನಾತು ಅಂತ ಒಬ್ರೂ ಬಂದು ಹೇಳ್ಲಿಲ್ಲ." ನನಗೆ ಉತ್ತರ ಇರಲಿಲ್ಲ. ಆ ವರ್ಷ ರಿಪೋರ್ಟ್ ಬಂದ ಮೇಲೆ ಮನೆಮನೆಗೆ ಹೋಗಿ ಹೇಳಿದೆವು. ಮುಂದಿನ ಸಲ ಅದೇ ಕೇರಿಯಲ್ಲಿ ಬಾಗಿಲು ತಾನಾಗೇ ತೆರೆಯಿತು.

ಇನ್ನು ಉಣುಗು ಹಿಡಿಯುವುದು. ಒಂದು ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ (ಉದುರಿದ ಒಣ ಎಲೆ) ಮೇಲೆ ನಿಧಾನ ಎಳೆಯುತ್ತೇವೆ. ಕೆಲವು ಹೆಜ್ಜೆಗೊಮ್ಮೆ ನಿಂತು ಬಟ್ಟೆ ತಿರುವಿ ನೋಡಬೇಕು. ಮೊದಲು ಮಣ್ಣಿನ ಚುಕ್ಕಿ ಅನ್ನಿಸುತ್ತೆ. ಸುಮ್ನೆ ನೋಡುತ್ತಾ ನಿಂತರೆ ಚುಕ್ಕಿ ನಡೆಯುತ್ತೆ. ರಾಗಿ ಕಾಳಿನಷ್ಟಿರುವ ಮರಿ ಉಣುಗು. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಇದೇ. ಚಿಮಟದಲ್ಲಿ ಎತ್ತಿ ಸೀಸೆಗೆ ಹಾಕಿ, ಜಾಗ ಬರೆದುಕೊಳ್ಳಬೇಕು. ದೊಡ್ಡ ಉಣುಗು ದನದ ಮೈಯಲ್ಲಿ ಬೆಳೆಯುತ್ತೆ. ನಾವು ಕೊಟ್ಟಿಗೆಗೆ ದರಗು ತರುವುದು ಅದೇ ಸೊಪ್ಪಿನ ಬೆಟ್ಟದಿಂದ, ಅದೂ ಉಣುಗಿನ ಕಾಲದಲ್ಲೇ. ದರಗು ತರಬೇಡಿ ಅಂತ ಹೇಳುವುದು ಸುಲಭ. ತೋಟದ ಗೊಬ್ಬರಕ್ಕೆ ಬೇರೆ ದಾರಿ ಏನು ಅಂತ ಹೇಳಬೇಕಲ್ವಾ?

ಕೆಮಿಸ್ಟ್ರಿ, ಮೆಟೀರಿಯಲ್ ಸೈನ್ಸ್ ಓದಿದ ಸ್ನೇಹಿತರಿದ್ದರೆ ಅವರನ್ನೂ ಕರೆಯಿರಿ. ಉಣುಗು ಹತ್ತದಂತೆ ಮೈಗೆ ಹಚ್ಚಲು ಕೊಡುವ ಡೆಪಾ ಎಣ್ಣೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ತಯಾರಿಸಿದ್ದು. ಒಳ್ಳೆಯದೇ. ಆದರೆ ದರಗಿನ ಹೊರೆ ಹೊತ್ತು ಗುಡ್ಡ ಇಳಿದರೆ ಬೆವರಲ್ಲಿ ಎಷ್ಟು ಉಳಿಯುತ್ತೆ? ಜಿಗುಟು ಅಂತ ಹಚ್ಚದೇ ಹೋಗುವವರನ್ನು ನಾನೇ ಎಷ್ಟೋ ಜನ ನೋಡಿದ್ದೇನೆ. ಬಟ್ಟೆಗೇ ಹಿಡಿದು ನಿಲ್ಲುವ, ನಾಲ್ಕು ಸಲ ಒಗೆದರೂ ಹೋಗದ ಏನಾದರೂ ಬಂದರೆ ಅದರಿಂದ ಜೀವ ಉಳಿಯುತ್ತೆ.

ಲ್ಯಾಬಲ್ಲಿ ಕೂರದೆ, ದಾಖಲೆ ನೋಡಿಯೇ ಆದ ದೊಡ್ಡ ಕೆಲಸವೂ ಇದೆ. ಹಳೆಯ ಲಸಿಕೆ 1990ರಿಂದ ಬಳಕೆಯಲ್ಲಿತ್ತು. ಎಷ್ಟು ಕೆಲಸ ಮಾಡುತ್ತೆ ಅಂತ 2005ರಿಂದ 2010ರ ದಾಖಲೆ ಇಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದರು. ಪರೀಕ್ಷೆಯಲ್ಲಿ ಯಾರಿಗೆ ಕಾಯಿಲೆ ಖಚಿತವಾಯ್ತು, ಯಾರಿಗೆ ಎಷ್ಟು ಡೋಸ್ ಆಗಿತ್ತು, ಅಷ್ಟೇ. ಎರಡು ಡೋಸ್‌ಗೆ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ಅಂತ ಬಂತು. ಆಮೇಲೆ 2022ರಲ್ಲಿ ಆ ಲಸಿಕೆ ನಿಂತಿತು. ಹೊಸದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೆಲಸ ಮಾಡುತ್ತಿವೆ. ಅದು ಊರಿಗೆ ಬಂದ ದಿನ ಮತ್ತೆ ಇದೇ ಲೆಕ್ಕ ಬೇಕು. ಯಾರಿಗೆ ಎಷ್ಟು ಡೋಸ್ ಆಯ್ತು ಅಂತ ಬರೆದಿಡುವ ಆಶಾ ಕಾರ್ಯಕರ್ತೆಯ ಪುಸ್ತಕ ಸರಿಯಿದ್ದರೆ ಮಾತ್ರ ಆ ಲೆಕ್ಕ ಆಗುತ್ತೆ. ಆ ಪುಸ್ತಕವನ್ನು ಅವರ ಜೊತೆ ಕೂತು ಸರಿಮಾಡುವುದನ್ನೇ ನಿಮ್ಮ ಮೊದಲ ಕೆಲಸ ಮಾಡಿಕೊಳ್ಳಿ ಅಂತ ನನ್ನ ಸಲಹೆ.

ಜ್ವರದ ಕಾಲ ಡಿಸೆಂಬರ್‌ನಿಂದ ಮೇ. ಬರುವುದಾದರೆ ನವೆಂಬರ್‌ನಲ್ಲೇ ಬನ್ನಿ, ಜನರ ಪರಿಚಯ ಆಗಲಿ. ಪೂರ್ತಿ ತೋಳಿನ ಅಂಗಿ, ಉದ್ದ ಕಾಲುಚೀಲ ತನ್ನಿ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಕಾಡಿನಿಂದ ಬಂದ ದಿನ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಿವಿ ಹಿಂದೆ, ಮಂಡಿ ಸಂದಿಯಲ್ಲಿ ಯಾರ ಹತ್ತಿರವಾದರೂ ನೋಡಿಸಿಕೊಳ್ಳಿ.