ಪರೀಯಾ ಕ್ಯಾನ್ಯನ್ ಚಾರಣ: ಮೇಲಿನಿಂದ ಅಡ್ಡ ಹಾಯ್ದರೆ ಬೇಗ ಮುಗಿಯುತ್ತದೆಯೇ?

ಮುಗಿಯಂಗಿಲ್ರಿ. ಅಮೆರಿಕದ ಯೂಟಾದಲ್ಲಿ ಚಾರಣ ಶುರುವಾಗುವ ವೈಟ್ ಹೌಸ್ ಎಂಬ ಜಾಗದಿಂದ ಅರಿಜೋನಾದ ಲೀಸ್ ಫೆರಿಗೆ, ಪರೀಯಾ ಹೊಳೆ ಕೊರೆದ ಕೊಳ್ಳದ (ಕ್ಯಾನ್ಯನ್) ಒಳಗಿನ ಹಾದಿ ಸುಮಾರು 61 ಕಿ.ಮೀ., ಗೂಗಲ್ ಮ್ಯಾಪಿನಲ್ಲಿ ನೀವು ಎಳೆದ ನೇರ ಗೆರೆ 36 ಕಿ.ಮೀ. ಎರಡೂ ಖರೇ. ಆದರೆ ಫೀನಿಕ್ಸ್‌ನಲ್ಲಿರೋ ಅಣ್ಣನ ಜೊತೆ ಅಕ್ಟೋಬರ್‌ನಲ್ಲಿ ಮೂರೇ ದಿನದ ರಜೆ ಇದೆ, ಹೊಳೆ ಬಿಟ್ಟು ಮೇಲಿನ ಬಯಲಲ್ಲಿ ನೇರ ನಡೆದರೆ ಆಗಲ್ವಾ ಅಂತ ಕೇಳಿದಿರಲ್ಲ, ಅದಕ್ಕೆ ನನ್ನ ಉತ್ತರ: ಉದ್ದ ಕಾಣುವ ಹಾದಿಯೇ ಅಲ್ಲಿ ಬೇಗ ಮುಟ್ಟಿಸುವ ಹಾದಿ. ಅರಿಜೋನಾದಲ್ಲಿ ಕೆಲಸಕ್ಕಿದ್ದಾಗ ಈ ಕೊಳ್ಳದಲ್ಲಿ ನಡೆದಿದ್ದೇನೆ, ಈಗ ಕಲಬುರಗಿಯಲ್ಲೇ ಇದ್ದೇನೆ. ನೀವು ಯಾದಗಿರಿ ಕಡೆಯವರು ಅಂದಿರಿ, ಹಂಗಾದರೆ ಎರೆಹೊಲ ನಿಮಗೆ ಹೊಸದಲ್ಲ. ಮಳೆ ಬಿದ್ದ ಮರುದಿನ ಹೊಲದಾಗ ಅಡ್ಡ ಹಾಯ್ದವನಿಗಿಂತ ಡಾಂಬರ್ ರೋಡ್ ಹಿಡಿದು ಬಳಸಿ ಬಂದವನೇ ಮೊದಲು ಊರು ಮುಟ್ಟತಾನ. ಅಲ್ಲಿ ಕೆಸರಿನ ಬದಲು ಉಸುಕು, ಅಷ್ಟೇ ಫರಕು.

ಕೊಳ್ಳದ ಬಲಗಡೆಯ ಪರೀಯಾ ಪ್ರಸ್ಥಭೂಮಿಗೆ ಸ್ಯಾಂಡ್ ಹಿಲ್ಸ್ ಅಂತಲೇ ಇನ್ನೊಂದು ಹೆಸರು. ಕಾಲು ಹೂಳುವ ಸಡಿಲ ಉಸುಕು, ನಡುನಡುವೆ ಬೋಳು ಮರಳುಗಲ್ಲು. ಹರಿಯುವ ನೀರು ಇಲ್ಲ. ಕೊಳ್ಳದೊಳಗೆ ಹೊಳೆದಂಡೆಯಲ್ಲಿ ಒಂದು ಹಳೇ ಪಂಪು ತುಕ್ಕು ಹಿಡಿದು ಕೂತಿದೆ. ಹಿಂದೆ ಬರಗಾಲದಲ್ಲಿ ಮೇಲೆ ಮೇಯುವ ದನಗಳಿಗೆ ಹೊಳೆಯಿಂದ ನೀರೆತ್ತಲು ಕೂರಿಸಿದ್ದು ಅದು. ಊರ ದನಗಾರರೇ ಮೇಲೆ ನೀರಿಲ್ಲ ಅಂತ ಇಷ್ಟು ಆಳಕ್ಕೆ ಪೈಪು ಇಳಿಸಿದ್ದಾರೆ ಅಂದಮೇಲೆ ಬೆನ್ನ ಮೇಲೆ ಚೀಲ ಹೊತ್ತವರು ಅಲ್ಲಿ ಏನು ಕುಡಿಯಬೇಕು? ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಹಿಡಿದರೂ ಎರಡು ದಿನಕ್ಕೆ ಎಂಟು ಕಿಲೋ ಬರೀ ನೀರೇ ಆಯ್ತು. ಕೊನೆಗೆ ಲೀಸ್ ಫೆರಿ ಕಣ್ಣಿಗೆ ಕಂಡರೂ ನೀವು ನಿಂತಿರೋದು ವರ್ಮಿಲಿಯನ್ ಕ್ಲಿಫ್ಸ್ ಎಂಬ ಕಡಿದಾದ ಬಂಡೆಗೋಡೆಯ ಅಂಚಿನ ಮೇಲೆ. ಅಲ್ಲಿಂದ ಎಲ್ಲೆಂದರಲ್ಲಿ ಇಳಿಯಕ್ಕಾಗಲ್ಲ.

ಈ ಲೆಕ್ಕ ಹೊಸದೇನಲ್ಲ. 1776ರ ಅಕ್ಟೋಬರ್ ಕೊನೆಗೆ ಡೊಮಿಂಗೆಜ್ ಮತ್ತು ಎಸ್ಕಲಾಂಟೆ ಎಂಬ ಸ್ಪ್ಯಾನಿಷ್ ಪಾದ್ರಿಗಳ ತಂಡ ಈಗಿನ ಲೀಸ್ ಫೆರಿಗೆ ಬಂದಿತ್ತು. ಕೊಲೊರಾಡೊ ಹೊಳೆ ಕಣ್ಣೆದುರಿಗೇ ಇದ್ದರೂ ಅಲ್ಲಿ ದಾಟಲು ಆಗಲಿಲ್ಲ. ಪರೀಯಾ ಕೊಳ್ಳದ ಗೋಡೆ ಹತ್ತಿ ಮೇಲೆ ಹೋಗಿ, ಸುತ್ತಿ ಬಳಸಿ, ನವೆಂಬರ್ 7ಕ್ಕೆ ಮೇಲ್ಭಾಗದಲ್ಲಿ ಬೇರೆ ಕಡೆ ದಾಟಿದರು. ಆ ಜಾಗ ಈಗ ಪೊವೆಲ್ ಸರೋವರದ ತಳದಲ್ಲಿದೆ.

ಇಂಥ ಸೀಮೆಯಲ್ಲಿ ಒಳದಾರಿ ಇರೋದೇ ಇಲ್ಲ ಅಂತಲ್ಲ. ಹುಡುಕೋ ರೀತಿ ಬೇರೆ. ಗೋಡೆ ಎಲ್ಲಿ ಮುರಿದಿದೆ ಅನ್ನೋದನ್ನ ಮೊದಲು ನೋಡಬೇಕು, ಆಮೇಲೆ ದೂರ. ದನಗಾರರು ದನ ಇಳಿಸಿದ ಜಾಗ ಇದ್ದರೆ ಮನುಷ್ಯರೂ ಇಳಿಯಬಹುದು. ನಕಾಶೆ ಒಂದನ್ನೇ ನಂಬಿದರೆ ಮಾತ್ರ ಕೈಕೊಡುತ್ತದೆ. ಅಲ್ಲಿನ 1:24,000 ಅಳತೆಯ ಸರ್ಕಾರಿ ನಕಾಶೆಗಳಲ್ಲಿ ಸಾಮಾನ್ಯವಾಗಿ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ನಡುವೆ 40 ಅಡಿ ಎತ್ತರದ ಅಂತರ. ಅಂದರೆ 30 ಅಡಿಯ ನೆಟ್ಟಗಿನ ಒಣ ಜಲಪಾತವೊಂದು ಎರಡು ಗೆರೆಗಳ ನಡುವೆ ಆರಾಮಾಗಿ ಅಡಗಿ ಕೂತಿರಬಹುದು. ನಕಾಶೆಯಲ್ಲಿ ಸಲೀಸಾದ ಇಳಿಜಾರು, ಹೋಗಿ ನಿಂತರೆ ಮೂರು ಮಾಳಿಗೆ ಎತ್ತರದ ಗೋಡೆ. ಸ್ಯಾಟಲೈಟ್ ಚಿತ್ರದಲ್ಲಿ ನಾಲೆಗೆ ಅಡ್ಡಲಾಗಿ ಕಪ್ಪು ನೆರಳಿನ ಪಟ್ಟಿ ಕಂಡರೆ ಅದು ಇಂಥದ್ದೇ ಜಾಗ ಅಂತ ಅನುಮಾನ ಪಡ್ರಿ. ನಾಲ್ಕು ದಿನದಲ್ಲಿ ನಡೆದುಹೋದವರು ಬರೆದಿಟ್ಟ ಮಾತು ಈ ವಿಷಯದಲ್ಲಿ ಹತ್ತು ಆ್ಯಪ್‌ಗಿಂತ ಮೇಲು.

ಇನ್ನು ನಿಮ್ಮ ಮೂರು ದಿನದ ವಿಷಯ. ಮೊದಲು ಬಕ್‌ಸ್ಕಿನ್ ಗಲ್ಚ್ ಆಸೆ ಬಿಡ್ರಿ, ಅದು ಪರೀಯಾಕ್ಕೆ ಬಂದು ಕೂಡುವ ಕಿರಿದಾದ ಪಕ್ಕದ ಕೊಳ್ಳ. ಫೋಟೋಗಳಲ್ಲಿ ಅದೇ ಚೆಂದ, ಒಪ್ಪತೀನಿ. ಆದರೆ ಅದಕ್ಕೆ ಇಳಿಯುವ ವೈರ್ ಪಾಸ್ ಕಡೆಯಿಂದ ಶುರು ಮಾಡಿದರೆ ಎರಡು ಕೊಳ್ಳ ಕೂಡುವ ಜಾಗಕ್ಕೆ ಸುಮಾರು 22 ಕಿ.ಮೀ.; ವೈಟ್ ಹೌಸ್‌ನಿಂದ ಬಂದರೆ 11. ಅದರಲ್ಲೂ ಬಿಸಿಲು ಕಾಣದ ತಣ್ಣನೆ ಹೊಂಡಗಳು, ಬಂಡೆ ಸಿಕ್ಕಿಕೊಂಡ ಕಡೆ ಇಳಿಯೋ ಪಾಡು ಬೇರೆ. ವೈಟ್ ಹೌಸ್ ಹಿಡಿದರೆ ಅರ್ಧ ದಿನಕ್ಕಿಂತ ಹೆಚ್ಚು ಅಲ್ಲೇ ಉಳೀತು.

ಖರೇ ಒಳದಾರಿ ಇರೋದು ಹೊಳೆಯ ತಿರುವುಗಳಲ್ಲಿ. ಪರೀಯಾ ಹಾವಿನಂತೆ ಹರಿಯುತ್ತದೆ. ಪ್ರತಿ ತಿರುವಿನ ಒಳಬದಿಗೆ ಉಸುಕಿನ ದಿಣ್ಣೆ, ಅದರ ಮೇಲೆ ಹಿಂದಿನವರ ಹೆಜ್ಜೆಯ ಕಾಲ್ದಾರಿ. ಹೊಳೆ ಹೊರಗೋಡೆ ತಟ್ಟಿ ಸುತ್ತಿ ಬರುವಷ್ಟರಲ್ಲಿ ನೀವು ದಿಣ್ಣೆ ಅಡ್ಡ ಹಾಯ್ದು ಮುಂದಿರುತ್ತೀರಿ. ಒಂದು ತಿರುವಿಗೆ ಐವತ್ತು ಮೀಟರ್ ಉಳಿದರೂ ದಿನದ ಕೊನೆಗೆ ಅದು ದೊಡ್ಡದಾಗುತ್ತದೆ. ಇದಕ್ಕಾಗಿ ಮತ್ತೆ ಮತ್ತೆ ನೀರಿಗಿಳಿಯಬೇಕು, ಮೀನಖಂಡ ಮುಳುಗುವಷ್ಟು, ಕೆಲವೆಡೆ ಮೊಣಕಾಲಿಗೆ. ಪ್ರತಿ ಸಲ ಬೂಟು ಬಿಚ್ಚಿ ಹಾಕೋರು ಮೂರು ದಿನದಲ್ಲಿ ಮುಗಿಸಲ್ಲ. ಬೂಟು ಒದ್ದೆ ಇದ್ದಂಗೇ ನಡೀರಿ, ನೀರು ಸೋರಿಹೋಗುವ ಹಗುರ ಬೂಟು ಇರಲಿ. ಕೈಯಲ್ಲಿ ಕೋಲು ಬೇಕೇ ಬೇಕು. ಕಾಲಿಟ್ಟರೆ ಒಳಗೆಳೆಯುವ ಉಸುಬು ಅಲ್ಲಲ್ಲಿ ಇದೆ, ಮುಂದಿನ ಹೆಜ್ಜೆ ಮೊದಲು ಕೋಲಿಂದಲೇ ಇಡ್ರಿ. ನಮ್ಮ ಕಡೆಯವರಿಗೆ ಬಿಸಿಲಿನ ಹೆದರಿಕೆ ಇಲ್ಲ, ಆದರೆ ಗೋಡೆ ಕಿರಿದಾದ ಕಡೆ ಬೆಳಗಿನ ನೀರು ಪಾದ ಜೋಮು ಹಿಡಿಸುತ್ತದೆ. ಒದ್ದೆಯಲ್ಲೂ ಪಾದ ಬೆಚ್ಚಗಿಡುವ ನಿಯೊಪ್ರೀನ್ ಸಾಕ್ಸ್‌ಗೆ ರೊಕ್ಕ ಹಾಕ್ರಿ.

ಮೊದಲ ರಾತ್ರಿ ಬಿಗ್ ಸ್ಪ್ರಿಂಗ್ ಎಂಬ ಒರತೆ ಹತ್ತಿರ, ಸುಮಾರು 19 ಕಿ.ಮೀ. ಎರಡನೇ ರಾತ್ರಿ ಶವರ್ ಸ್ಪ್ರಿಂಗ್ ಆಸುಪಾಸು, 35ರ ಹತ್ತಿರ. ಮೂರನೇ ದಿನ 25 ಕಿ.ಮೀ. ಉಳಿಯುತ್ತದೆ. ಅದರ ಬಹುಪಾಲಿನಲ್ಲಿ ಕೊಳ್ಳ ಅಗಲ, ನೆರಳಿಲ್ಲ, ನಂಬುವಂಥ ಒರತೆಯೂ ಇಲ್ಲ. ಹಾಗಾಗಿ ಶವರ್ ಸ್ಪ್ರಿಂಗ್‌ನಿಂದ ಬಾಟಲಿ ಪೂರಾ ತುಂಬಿಸಿಕೊಂಡೇ ಹೊರಡಬೇಕು. ಹೊಳೆ ನೀರು ಬಾಟಲಿಯಲ್ಲಿ ಹಿಡಿದು ರಾತ್ರಿ ಇಟ್ಟರೆ ಬೆಳಗ್ಗೆ ತಳದಲ್ಲಿ ಎರಡು ಬೆರಳು ಕೆಸರು. ನೇರ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಕ ಇದೆಯಲ್ಲ, ಅದರ ಪುಡಿ ಚಿಟಿಕೆ ಹಾಕಿ ಕಲಕಿ ಬಿಟ್ಟರೆ ಕೆಸರು ಬೇಗ ಇಳಿಯುತ್ತದೆ. ತಿಳಿನೀರನ್ನು ಆಮೇಲೆ ಫಿಲ್ಟರ್ ಮಾಡ್ರಿ, ಪಟಕ ರೋಗಾಣು ಕೊಲ್ಲಲ್ಲ. ಮೇಲ್ಭಾಗದಲ್ಲಿ ಹೊಲ, ದನ ಎಲ್ಲಾ ಇವೆ, ಅದಕ್ಕೇ ಸಾಧ್ಯವಾದಷ್ಟು ಒರತೆ ನೀರೇ ಒಳ್ಳೇದು.

ಒಲೆ ಒಯ್ಯದಿದ್ದರೆ ದಿನಕ್ಕೆ ಒಂದು ತಾಸು ಉಳಿಯುತ್ತದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಗಟ್ಟಿ ಡಬ್ಬಿಯಲ್ಲಿ ಒಯ್ರಿ, ಚೀಲದಲ್ಲಿ ಸುಮ್ಮನೆ ತುರುಕಿದರೆ ಮೊದಲ ದಿನವೇ ಪುಡಿ. (ಪುಡಿಯೂ ರುಚಿನೇ.) ಬೆಂಕಿ ಹಾಕಲು ಪರವಾನಗಿ ಇಲ್ಲ, ಮಲವನ್ನೂ ಪರ್ಮಿಟ್ ಕೊಡುವವರು ಹೇಳಿದ ಚೀಲದಲ್ಲಿ ಹೊತ್ತು ತರಬೇಕು. ಮುಖ ಸಿಂಡರಿಸಬೇಡ್ರಿ, ಅಷ್ಟು ಕಿರಿದಾದ ಕೊಳ್ಳದಲ್ಲಿ ಬೇರೆ ದಾರಿ ಇಲ್ಲ.

ಅವಸರ ಮಾಡಬಾರದ್ದು ಒಂದೇ, ಹವಾಮಾನ. ಈ ಹೊಳೆಯ ಮೂಲ ಬ್ರೈಸ್ ಕ್ಯಾನ್ಯನ್ ಕಡೆ, ಅಲ್ಲಿ ಸುರಿದ ಮಳೆ ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರುವಾಗಲೇ ಬಂದು ಮುಟ್ಟಬಹುದು. ಪೇಜ್ ಊರಿನ ಹತ್ತಿರದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 1997ರ ಆಗಸ್ಟ್ 12ರಂದು ದೂರದ ಮಳೆಯ ನೀರು ನುಗ್ಗಿ 11 ಜನ ಸತ್ತರು. ಅಕ್ಟೋಬರ್‌ನಲ್ಲಿ ಅಪಾಯ ಕಡಿಮೆ, ಆದರೂ ಹೊರಡುವ ಬೆಳಗ್ಗೆ ರೇಂಜರ್ ಕಚೇರಿಯಲ್ಲಿ ಕೇಳಿ. ಬೇಡ ಅಂದರೆ ಪರ್ಮಿಟ್ ದುಡ್ಡು ಹೋದರೂ ಹೋಗಲಿ.

ಪರ್ಮಿಟ್ ಅಂದಕೂಡಲೇ ನೆನಪಾಯ್ತು. ರಾತ್ರಿ ತಂಗಲು ದಿನಕ್ಕೆ 20 ಜನರಿಗಷ್ಟೇ ಬಿಡುತ್ತಾರೆ, ಟಿಕೆಟ್ ಬುಕ್ ಮಾಡೋಕೆ ಮುಂಚೆ ಇದನ್ನ ಮಾಡ್ರಿ. ಅಣ್ಣನ ಕಾರನ್ನು ಲೀಸ್ ಫೆರಿಯಲ್ಲಿ ಬಿಟ್ಟು ಶಟಲ್‌ನಲ್ಲಿ ವೈಟ್ ಹೌಸ್‌ಗೆ ಹೋಗ್ರಿ, ಕೊನೇ ದಿನ ದಣಿದು ಬಂದವರು ಯಾರಿಗೂ ಕಾಯೋ ಹಾಗಿರಬಾರದು. ಅಕ್ಟೋಬರ್‌ನಲ್ಲಿ ಯೂಟಾದ ಗಡಿಯಾರ ಅರಿಜೋನಾದ್ದಕ್ಕಿಂತ ಒಂದು ತಾಸು ಮುಂದಿರುತ್ತದೆ. ಶಟಲ್‌ನವರು ಹೇಳಿದ ಆರು ಗಂಟೆ ಯಾವ ರಾಜ್ಯದ್ದು ಅಂತ ಫೋನಿನಲ್ಲೇ ಕೇಳಿಕೊಳ್ರಿ.