ಸರದ ಹೊಳಪು ಸರಿ, ಒಳಗಿನ ಲೋಹ ಯಾವುದು?

ಹಿಪ್‌ಹಾಪ್ ಶೈಲಿಯ ದಪ್ಪ ಸರ, ಹರಳಿನ ಪದಕಗಳನ್ನು ಆನ್‌ಲೈನಿನಲ್ಲಿ ತರಿಸುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಉತ್ತರ.

‘18ಕೆ ಗೋಲ್ಡ್ ಪ್ಲೇಟೆಡ್, ಪ್ರೀಮಿಯಂ ಅಲಾಯ್’ ಎಂದಿದ್ದ ಕ್ಯೂಬನ್ (ದಪ್ಪ ಕೊಂಡಿಗಳನ್ನು ಒತ್ತೊತ್ತಾಗಿ ಜೋಡಿಸಿದ) ಸರವನ್ನು 799 ರೂಪಾಯಿಗೆ ತರಿಸಿದೆ. ಪಣಂಬೂರು ಬೀಚಿಗೆ ಹಾಕಿಕೊಂಡು ಹೋದದ್ದು ಎರಡೇ ಸಲ, ಕುತ್ತಿಗೆಯೆಲ್ಲ ಹಸಿರು! ಮೋಸ ಹೋದೆನಾ?
— ವಿದ್ಯಾರ್ಥಿ, ಸುರತ್ಕಲ್

ಮಾರಿದವರು ಸುಳ್ಳು ಬರೆದಿಲ್ಲ. ‘18ಕೆ’, ಅಂದರೆ 18 ಕ್ಯಾರೆಟ್, ಎಂಬುದು ಮೇಲಿನ ಲೇಪಕ್ಕೆ ಮಾತ್ರ ಹೇಳಿದ ಮಾತು, ಸರಕ್ಕಲ್ಲ. ನಿಜವಾದ ಸುದ್ದಿ ಇರುವುದು ‘ಅಲಾಯ್’ ಎಂಬ ಪುಟ್ಟ ಪದದಲ್ಲಿ. ಅಗ್ಗದ ಒಡವೆಯಲ್ಲಿ ಅಲಾಯ್ ಅಂದರೆ ಹೆಚ್ಚಾಗಿ ಸತುವಿನ ಮಿಶ್ರಲೋಹ. ಅದರ ಮೇಲೆ ತಾಮ್ರದ ಒಂದು ಪದರ, ಆಮೇಲೆ ಹೆಸರಿಗಷ್ಟು ಚಿನ್ನ. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂಥ ಸರದ ಚಿನ್ನ ಒಂದು ಮೈಕ್ರಾನಿನ ಹತ್ತನೆಯ ಒಂದು ಭಾಗದಷ್ಟೇ ಇರಬಹುದು. ಸರದ ಕೊಂಡಿಗಳು ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಅದು ಮೊದಲು ಹೋಗುತ್ತದೆ. ಬೆವರು, ಕಡಲ ಉಪ್ಪು ಎರಡೂ ಅಲ್ಲಿಂದಲೇ ಒಳಗೆ ಇಳಿದು ತಾಮ್ರಕ್ಕೆ ಕಿಲುಬು ಹಿಡಿಸುತ್ತವೆ. ಮನೆಯ ಹಿತ್ತಾಳೆ ದೀಪಕ್ಕೆ ಹಿಡಿಯುವ ಅದೇ ಕಿಲುಬು ನಿಮ್ಮ ಕುತ್ತಿಗೆಯ ಹಸಿರು. ಸೋಪು ಹಾಕಿ ತೊಳೆದರೆ ಹೋಗುತ್ತದೆ, ಹೆದರಬೇಡಿ. ಆದರೆ ತುರಿಕೆ, ಕೆಂಪು ಗುಳ್ಳೆ ಬಂದರೆ ಅದು ಬೇರೆ ಸಂಗತಿ. ಚಿನ್ನದ ಕೆಳಗೆ ನಿಕ್ಕಲ್ ಪದರ ಕೊಟ್ಟಿದ್ದರೆ ಹಾಗಾಗುವುದುಂಟು. ಸರ ತೆಗೆದಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.

ಸರವನ್ನು ದೀಪ ತಿಕ್ಕಿದ ಹಾಗೆ ಹುಣಸೆಹುಳಿಯಲ್ಲಿ ಮಾತ್ರ ತಿಕ್ಕಬೇಡಿ. ಕಿಲುಬಿನ ಜೊತೆ ಉಳಿದ ಚಿನ್ನವೂ ಹೋಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮಕ್ಕಳ ಮೆತ್ತನೆಯ ಬ್ರಷ್, ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಫ್ಯಾನಿನ ಅಡಿಯಲ್ಲಿ ಪೂರ್ತಿ ಒಣಗಿಸಿ. ಜಿಪ್ ಕವರಿನಲ್ಲಿ ಹಾಕಿಡಿ. ಹೊಸ ಚಪ್ಪಲಿ ಬಾಕ್ಸಿನಲ್ಲಿ ಸಿಗುವ ಸಿಲಿಕಾ ಪೊಟ್ಟಣವನ್ನೂ ಅದರೊಳಗೆ ಸೇರಿಸಿ. ನಮ್ಮ ಮಳೆಗಾಲಕ್ಕೆ ಇದು ಬೇಕೇ ಬೇಕು.

ಮುಂದಿನ ಸಲ ‘316ಎಲ್ ಸ್ಟೇನ್‌ಲೆಸ್ ಸ್ಟೀಲ್, ಪಿವಿಡಿ’ ಎಂದಿರುವುದನ್ನು ಹುಡುಕಿ. ಬರೀ ‘ಸ್ಟೀಲ್’ ಅಂದರೆ ಸಾಲದು. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ. ಉಪ್ಪಿನ ಗಾಳಿಗೆ 304 ಎಂಬ ಸಾಮಾನ್ಯ ಸ್ಟೀಲಿಗಿಂತ ಅದು ಚೆನ್ನಾಗಿ ತಡೆದುಕೊಳ್ಳುವುದು ಇದರಿಂದಲೇ. ಪಿವಿಡಿ ಅಂದರೆ ನಿರ್ವಾತದಲ್ಲಿ ಕೂರಿಸಿದ ಗಟ್ಟಿ ಪದರ. ಅದಕ್ಕೂ ಒಂದು ಕೊರತೆ ಇದೆ: ಒಮ್ಮೆ ಗೀರು ಬಿದ್ದರೆ ಊರಿನ ಅಂಗಡಿಯಲ್ಲಿ ಸ್ಟೀಲಿಗೆ ಮತ್ತೆ ಚಿನ್ನದ ಲೇಪ ಹಿಡಿಸುವುದು ಕಷ್ಟ. ಹಿತ್ತಾಳೆಗೆ, ಬೆಳ್ಳಿಗೆ ಅದು ಸಲೀಸು. ಬಜೆಟ್ ಹೆಚ್ಚಿದ್ದರೆ 925 (ಶೇ. 92.5 ಶುದ್ಧ) ಬೆಳ್ಳಿಯ ಮೇಲೆ ಕನಿಷ್ಠ 2.5 ಮೈಕ್ರಾನ್ ಚಿನ್ನವಿರುವ ‘ವರ್ಮೈಲ್’ ನೋಡಿ. ಅಂಥದ್ದನ್ನು ಬೀಚಿಗೆ ಒಯ್ಯಬೇಡಿ.

ನಿಜವಾದ ಚಿನ್ನ ಎಂದು ಮಾರುವವರು ಹಾಲ್‌ಮಾರ್ಕ್ ತೋರಿಸಲಿ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕಿನ ಚಿನ್ನದ ಒಡವೆಗೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಒಡವೆಯ ಬಗೆ, ಶುದ್ಧತೆ ಕಾಣುತ್ತದೆ. ತೂಕವೂ ಸುಳಿವು ಕೊಡುತ್ತದೆ. ಅದೇ ಅಳತೆಯ 18 ಕ್ಯಾರೆಟ್ ಸರ ಸ್ಟೀಲಿನದ್ದಕ್ಕಿಂತ ಸುಮಾರು ಎರಡರಷ್ಟು ಭಾರ.

ಫೋಟೋದಲ್ಲಿ ಎದೆಯ ಮೇಲೆ ಚಂದ ಕೂತ 20 ಇಂಚಿನ, 12 ಮಿ.ಮೀ. ಸರ ನನಗೆ ಕತ್ತು ಹಿಸುಕಿದ ಹಾಗೆ ಬಿಗಿ. ಅಳತೆ ತಪ್ಪಿ ಕಳಿಸಿದ್ದಾರಾ?
— ಓದುಗರು, ಮಣಿಪಾಲ

ಅಳೆದು ನೋಡಿ, ಉದ್ದ ಸರಿಯಾಗಿಯೇ ಇರುತ್ತದೆ. ಅಗಲದ ಸರ ಕುತ್ತಿಗೆಯ ಬುಡದಲ್ಲಿ ಚಪ್ಪಟೆಯಾಗಿ ಕೂತಾಗ ಒಳ ಅಂಚಿನ ಸುತ್ತಳತೆ ಕಡಿಮೆಯಾಗುತ್ತದೆ. 12 ಮಿ.ಮೀ. ಸರದಲ್ಲಿ ಒಂದರಿಂದ ಒಂದೂವರೆ ಇಂಚು ಹೀಗೆ ಹೋಗುತ್ತದೆ. ಆರ್ಡರ್ ಮಾಡುವ ಮೊದಲು ಹಳೆಯ ಪೇಪರಿನಿಂದ ಬೇಕಾದ ಅಗಲಕ್ಕೆ, ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ, ತುದಿಗೆ ಟೇಪು ಹಚ್ಚಿ ಕುತ್ತಿಗೆಗೆ ಹಾಕಿ ನೋಡಿ. ಕನ್ನಡಿ ಸುಳ್ಳು ಹೇಳುವುದಿಲ್ಲ, ಸೈಟಿನ ಮಾಡೆಲ್ ಹೇಳುತ್ತಾನೆ. ಕುತ್ತಿಗೆ 15 ಇಂಚು ಇದ್ದವರಿಗೆ 12 ಮಿ.ಮೀ. ಸರ 22 ಇಂಚಿನದ್ದೇ ಆರಾಮ.

1980ರ ದಶಕದಲ್ಲಿ ರನ್-ಡಿಎಂಸಿ ಎಂಬ ಅಮೆರಿಕದ ಹಿಪ್‌ಹಾಪ್ ತಂಡದವರ ಕತ್ತಿನಲ್ಲಿ ಮೆರೆದ, ಹಗ್ಗದಂತೆ ಹೆಣೆದ ರೋಪ್ ಸರವೂ ಈಗ ಅಗ್ಗಕ್ಕೆ ಸಿಗುತ್ತದೆ. ನಮ್ಮ ಸಲಹೆ ಕ್ಯೂಬನ್. ತುಂಡಾದರೆ ಅಕ್ಕಸಾಲಿಗರು ಒಂದು ಕೊಂಡಿ ಬಿಡಿಸಿ ಬೆಸುಗೆ ಹಾಕಿ ಕೊಡುತ್ತಾರೆ. ರೋಪ್ ತುಂಡಾದರೆ ರಿಪೇರಿ ಎದ್ದು ಕಾಣುತ್ತದೆ, ಹೆಣಿಗೆಯ ಸಂದಿನಲ್ಲಿ ಕೊಳೆಯೂ ಕೂರುತ್ತದೆ.

‘ಡೈಮಂಡ್ ಟೆಸ್ಟರ್ ಪಾಸ್’ ಎಂದು ವಿಡಿಯೊದಲ್ಲಿ ತೋರಿಸುತ್ತಾರೆ. ಹಾಗಾದರೆ ಅದು ವಜ್ರವೇ ಅಲ್ಲವಾ?
— ಓದುಗರು, ಉಡುಪಿ

ಆಗಿರಬೇಕಿಲ್ಲ. ಹೆಚ್ಚಾಗಿ ಅದು ಮೊಯ್ಸನೈಟ್, ವಜ್ರದಂತೆ ಹೊಳೆಯುವ ಬೇರೆ ಹರಳು. ಪೆನ್ನಿನಂಥ ಆ ಸಾಮಾನ್ಯ ಟೆಸ್ಟರ್ ಅಳೆಯುವುದು ಹರಳಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು. ಆ ವಿಷಯದಲ್ಲಿ ಮೊಯ್ಸನೈಟ್ ವಜ್ರಕ್ಕೆ ಹತ್ತಿರ, ಟೆಸ್ಟರ್ ಬೀಪ್ ಅನ್ನುತ್ತದೆ. ಅಮೆರಿಕನ್ ಡೈಮಂಡ್ ಎಂದು ಅಂಗಡಿಗಳಲ್ಲಿ ಕರೆಯುವ ಸಿಝಡ್ ಹರಳಿಗೆ ಅನ್ನುವುದಿಲ್ಲ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಹರಳನ್ನು ಸ್ವಲ್ಪ ವಾಲಿಸಿ ನೋಡಿದರೆ ಮೊಯ್ಸನೈಟಿನ ಹಿಂಬದಿಯ ಗೆರೆಗಳು ಎರಡೆರಡಾಗಿ ಕಾಣುತ್ತವೆ, ವಜ್ರದಲ್ಲಿ ಒಂದೇ. ಮೊಯ್ಸನೈಟ್ ಕೆಟ್ಟದ್ದೇನಲ್ಲ. ವಜ್ರಕ್ಕೆ 10 ಎಂದಿಡುವ ಅಳತೆಯಲ್ಲಿ ಅದರ ಗಡಸುತನ 9.25, ಸಿಝಡ್‌ನದ್ದು 8ರಿಂದ 8.5; ವರ್ಷಗಟ್ಟಲೆ ಹಾಕಿದರೂ ಮಂಕಾಗದು. ವಜ್ರದ ಬೆಲೆ ಕೊಡಬೇಡಿ ಅಷ್ಟೆ.

ಹರಳಿಗಿಂತ ಮುಖ್ಯ ಅದನ್ನು ಹಿಡಿದಿರುವ ಬಗೆ. ಫೋಟೋ ದೊಡ್ಡದು ಮಾಡಿ: ಪ್ರತಿ ಹರಳಿಗೂ ಲೋಹದ ಪುಟ್ಟ ಕಾಲುಗಳಿವೆಯಾ? ಇಲ್ಲದಿದ್ದರೆ ಅಂಟು ಹಾಕಿ ಕೂರಿಸಿದ್ದಿರಬಹುದು, ಬಿಸಿನೀರಿನ ಸ್ನಾನಕ್ಕೇ ಉದುರುತ್ತದೆ. ಬಂದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಹರಳು ಸಡಿಲ, ವಾಪಸ್ ಕಳಿಸಿ. ಪದಕ ವೇದಿಕೆಗೆ ಮಾತ್ರವಾದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಯಕ್ಷಗಾನದ ಭುಜಕೀರ್ತಿ, ಎದೆಕಟ್ಟು ಹಗುರ ಮರದ ಮೇಲೆ ಬೇಗಡೆ ಅಂಟಿಸಿದ್ದು, ರಾತ್ರಿಯಿಡೀ ಮಿಂಚುತ್ತದಲ್ಲ!

ಮಗ ಇನ್‌ಸ್ಟಾಗ್ರಾಂ ಪೇಜೊಂದಕ್ಕೆ 2,500 ರೂ. ಯುಪಿಐ ಮಾಡಲು ಹೊರಟಿದ್ದಾನೆ. ವಿದೇಶಿ ಸೈಟಿನಿಂದ ‘ಗಿಫ್ಟ್’ ಎಂದು ತರಿಸಿದರೆ ತೆರಿಗೆ ಇಲ್ಲವಂತೆ, ಹೌದಾ?
— ತಾಯಿ, ಕುಂದಾಪುರ

ಗಿಫ್ಟಿನ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಉಳಿದದ್ದು ರಾಖಿಗೆ, ಜೀವರಕ್ಷಕ ಔಷಧಕ್ಕೆ. ಸುಂಕದ ಜೊತೆ ಕೊರಿಯರಿನವರ ಚಾರ್ಜೂ ಸೇರುತ್ತದೆ. ಸರ ಸಣ್ಣದಾಯಿತೆಂದು ವಾಪಸ್ ಮಾಡುವ ಖರ್ಚು ಸರದ ಬೆಲೆಗೇ ಬಂದೀತು.

ಪೇಜಿನಲ್ಲಿ ವಿಳಾಸ, ದೂರು ಸ್ವೀಕರಿಸುವವರ ಹೆಸರು, ರಿಟರ್ನ್ ನಿಯಮ ಇವೆಯೇ ನೋಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇವು ಇರಬೇಕು. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕಮೆಂಟು ಬಂದ್ ಮಾಡಿಟ್ಟು ಅಡ್ವಾನ್ಸ್ ಮಾತ್ರ ಕೇಳುವ ಪೇಜಿನ ಗೊಡವೆಯೇ ಬೇಡ. ಮೆಸೇಜಿನಲ್ಲಿ ಮೂರು ಸಂಗತಿ ಬರೆಸಿಕೊಳ್ಳಲಿ: ಒಳಗಿನ ಲೋಹ, ಗ್ರಾಂ ತೂಕ, ಲೇಪದ ಬಗೆ. ‘ಪ್ರೀಮಿಯಂ ಕ್ವಾಲಿಟಿ ಬ್ರೋ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಲಿ.

ಪಾರ್ಸೆಲ್ ಬಂದಾಗ ಮೊದಲು ಲೇಬಲ್ ಓದುವಂತೆ ವಿಡಿಯೊ ಶುರುಮಾಡಿ, ನಿಲ್ಲಿಸದೆ ಕವರ್ ಕತ್ತರಿಸಿ, ಅದೇ ವಿಡಿಯೊದಲ್ಲಿ ಸರವನ್ನು ಅಡುಗೆಮನೆಯ ತಕ್ಕಡಿಗೆ ಹಾಕಿ ತೋರಿಸಿ. ನಡುವೆ ಕಟ್ ಆದ ವಿಡಿಯೊವನ್ನು ಹಲವರು ಒಪ್ಪುವುದಿಲ್ಲ. ಹೇಳಿದ್ದೊಂದು ಬಂದದ್ದೊಂದಾದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ಹೋಗಬೇಕು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಹಣ ತೆಗೆದುಕೊಂಡು ಪೇಜೇ ಮಾಯವಾದರೆ ತಡಮಾಡದೆ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ ಕರೆ ಮಾಡಿ.

ಹಲ್ಲಿನ ಮೇಲೆ ಒಡವೆಯಂತೆ ಹಾಕುವ ಲೋಹದ ಕವಚ, ಗ್ರಿಲ್ಸ್, 400 ರೂಪಾಯಿಗೆ ಸಿಗುತ್ತದೆ. ತರಿಸಲೇ?
— ಓದುಗರು, ಉಳ್ಳಾಲ

ಬೇಡ. ‘ಎಲ್ಲರಿಗೂ ಹೊಂದುತ್ತದೆ’ ಎಂಬ ಗ್ರಿಲ್ಸ್ ಯಾರಿಗೂ ಹೊಂದುವುದಿಲ್ಲ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪಟ್ಟಿಯನ್ನು ಒಳಗಿಟ್ಟು ಅದನ್ನು ಹಲ್ಲಿಗೆ ಒತ್ತಿ ಕೂರಿಸುತ್ತಾರೆ. ಅಂಚು ಒಸಡನ್ನು ಕೊರೆಯುತ್ತದೆ, ಸಂದಿನಲ್ಲಿ ಊಟ ಕೂತು ಹಲ್ಲು ಹುಳುಕಾಗುತ್ತದೆ. ಮೇಲಿನ ಲೇಪ ಹೋದ ಮೇಲೆ ಬಾಯಲ್ಲಿ ಉಳಿಯುವುದು ಹೆಚ್ಚಾಗಿ ಹಿತ್ತಾಳೆ. ಆಸೆ ಬಿಡದಿದ್ದರೆ ದಂತವೈದ್ಯರಲ್ಲಿ ಹಲ್ಲಿನ ಅಚ್ಚು ತೆಗೆಸಿ, ಆ ಅಚ್ಚಿಗೆ ಬೆಳ್ಳಿಯಲ್ಲೋ ಚಿನ್ನದಲ್ಲೋ ಮಾಡಿಸಿ. ಊಟಕ್ಕೆ, ನಿದ್ದೆಗೆ ಮುಂಚೆ ತೆಗೆದಿಡಿ.